ತಾಯವ್ವ ಓದಿದ ನಿನ್ನ ಕಾಗದ

ಸುರೇಬಾನ
೧೦ ಜೂನ್ ೧೯೭೯

ಪ್ರೀತಿಯ ಅಣ್ಣಾ,

ಸಾರಿ, ಈ ಪತ್ರ ಬರೆಯಬಾರದೆಂದೇ ಇದ್ದೆ. ಎರಡು ಸಲ ಬರೆದು ಹರಿದೆ. ಕಲಕತ್ತೆಯ ನೀರು ನಿನಗೆ ಒಗ್ಗಿತೇ? ಕೆಮ್ಮು ಹೋಯಿತೇ? ಅವ್ವ ದಿನಾ ಕೇಳುತ್ತಾಳೆ. ನನ್ನ ಫಸ್ಟ್ ಇಯರ್ ಎಕ್ಸಾಮ್ ಮುಗಿದು, ಹಾಸ್ಟೆಲ್ ಬಿಟ್ಟು ಬಂದು ಎರಡು ವಾರವಾಯಿತು. ರಿಸಲ್ಟಿನ ಚಿಂತೆ ಬೇರೆ ಇದೆ.

ಇನ್ನು ನಿನ್ನ ಸರ್ಕಾರದ ವಿಷಯ. ಕಮ್ಯುನಿಸ್ಟರು ಬಂದ ಮೇಲೆ ಅಲ್ಲಿ ಅಧಿಕಾರಿಗಳೇ ಹಳ್ಳಿಗೆ ಹೋಗಿ ಕುಳಿತು, ಪಾಲಿಗೆ ಉಳುವವರ ಹೆಸರು ಬರೆದುಕೊಳ್ಳುತ್ತಾರೆಂದು ನಾಲ್ಕು ಪುಟ ಹೊಗಳಿದ್ದೆ. ಹೊಗಳು. ಅಲ್ಲಿಯ ಹೊಲ ನಮ್ಮವ್ವನದಲ್ಲ. ಆದರೆ "ನಮ್ಮಲ್ಲೂ ಉಳುವವನಿಗೇ ಹೊಲ ಎಂಬ ಕಾನೂನು ಬಂದಿದೆ, ಪಾಲಿಗೆ ಉಳುವ ಲಗಮಣ್ಣ ಕಾಕಾ ನಮ್ಮ ಹೊಲಕ್ಕೆ ಅರ್ಜಿ ಹಾಕಿದರೆ ನಾನು ಬೇಡ ಅನ್ನುವವನಲ್ಲ" ಎಂದು ಕೊನೆಗೊಂದು ಸಾಲು ಯಾಕೆ ಸೇರಿಸಿದೆ? ಅವ್ವನಿಗೆ ಓದಲು ಬರುವುದಿಲ್ಲ, ನಾನು ಹಾಸ್ಟೆಲಿನಲ್ಲಿದ್ದೆ. ಕಾಗದ ಓದಿ ಹೇಳಿದವಳು ಕಾಕಾನ ಮಗಳು ತಾಯವ್ವ. ಏಳನೇ ಇಯತ್ತೆ ಓದುತ್ತಾಳೆ. ಒಂದಕ್ಷರ ಬಿಡದೆ ಓದಿದಳಂತೆ.

ಅಪ್ಪ ತೀರಿಕೊಂಡಾಗಿನಿಂದ ಹತ್ತು ವರ್ಷ ಕಣದಲ್ಲಿ ಅವ್ವ ಜೋಳದ ರಾಶಿಯನ್ನು ಎರಡು ಮಾಡುತ್ತಿದ್ದಳು, ಕಾಕಾ ತನ್ನದನ್ನು ಆರಿಸಿಕೊಳ್ಳುತ್ತಿದ್ದ. ಯಾವಾಗಲೂ ಸಣ್ಣದನ್ನೇ. ಇಂಥವರ ನಡುವೆ ಯಾವ ಸರ್ಕಾರಕ್ಕೇನು ಕೆಲಸ? ನಿನ್ನ ಥಿಯರಿಯಲ್ಲಿ ನಾವು ಜಮೀನ್ದಾರರು. ನಾಲ್ಕು ಎಕರೆಯ ಈ ಜಮೀನ್ದಾರಿಣಿ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಾಳೆ, ಮರೆತೆಯಾ?

ಹೋದ ವಾರ ಕಾಕಾ ಅರ್ಜಿಯ ಫಾರಂ ಹಿಡಿದು ನಮ್ಮ ಕಟ್ಟೆಗೇ ಬಂದ. "ತಮ್ಮಾ, ದೊಡ್ಡ ಸಾಲಿ ಕಲತಾಂವ ನೀ. ಅಣ್ಣ ಹೂಂ ಅಂದಾನ, ಮತ್ತೊಬ್ಬರ ಕೈಯಾಗ ಯಾಕ ಕೊಡ್ಲಿ? ನೀನ ತುಂಬು" ಎಂದ. ಅವ್ವ ಒಳಗಿನಿಂದಲೇ, "ತುಂಬಿ ಕೊಡು. ಅಂವ ಬಿತ್ತಾಕ ಕೂರಿಗಿ ಹಿಡೀಲಿಲ್ಲಂದ್ರ ನಿನ್ನ ಸಾಲಿ ಎಲ್ಲಿತ್ತು?" ಎಂದಳು. ಆ ದಿನ ಅವಳು ಉಣ್ಣಲಿಲ್ಲ. ಅದನ್ನು ನಿನ್ನ ಅಧಿಕಾರಿಗಳು ಬರೆದುಕೊಳ್ಳುವುದಿಲ್ಲ.

ಮೈ ಕಡೆ ನೋಡಿಕೋ. ಅವ್ವನ ಆಶೀರ್ವಾದ. ಕೇಳಿ ಬರೆದದ್ದಲ್ಲ, ಅದು ಇದ್ದೇ ಇರುತ್ತದೆ.

ನಿನ್ನ ತಮ್ಮ,
ನಿಜಗುಣ

ತಾ.ಕ.: ೭೪ಕ್ಕೆ ಮೊದಲಿನಿಂದ ಉಳುತ್ತಿರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಕಾಕಾ ಉಳಲು ಶುರುಮಾಡಿದ ವರ್ಷವನ್ನು ನಾನು ೬೯ ಅಂತ ಬರೆಯಲಿಲ್ಲ, ೭೫ ಅಂತ ಬರೆದೆ. ಕಾಕಾ ಏನೂ ಕೇಳದೆ ಹೆಬ್ಬೆಟ್ಟು ಒತ್ತಿ, ರಾಮದುರ್ಗದ ಕಚೇರಿಯಲ್ಲಿ ನೀನೇ ಕೊಡು ಎಂದು ಹೋದ. ಫಾರಂ ನನ್ನ ಟ್ರಂಕಿನಲ್ಲೇ ಇದೆ. ತಾಯವ್ವ ದಿನಾ ಬಂದು "ಕೊಟ್ರೇನ್ರಿ ಅಣ್ಣಾರ?" ಅನ್ನುತ್ತಾಳೆ. ಇದನ್ನೇ ಕೊಡಲೋ, ಹೊಸ ಫಾರಂ ತರಲೋ? ಕಡೆಯ ದಿನ ಈ ತಿಂಗಳ ೩೦. ಬೇಗ ಉತ್ತರ ಬರೆ.