ಬುದ್ಧಿಹಲ್ಲು ಮತ್ತು ಬಹುವಚನ

ಜೂನ್ 3, ಮಂಗಳವಾರ. ಮಧ್ಯಾಹ್ನ

ಹತ್ತಿ ಕಚ್ಚಿಕೊಂಡು ಕೂತಿದ್ದೇನೆ. ಮಾತಾಡುವ ಹಾಗಿಲ್ಲ, ಅದಕ್ಕೇ ಬರವಣಿಗೆ. ಬುದ್ಧಿಹಲ್ಲು ಅಡ್ಡಡ್ಡ ಬೆಳೆದಿತ್ತಂತೆ, ಕೊಯ್ದು ತೆಗೆದರು. ಇದ್ದಷ್ಟು ಬುದ್ಧಿಯೂ ನಲವತ್ತೊಂದನೇ ವಯಸ್ಸಿಗೇ ಹೋಯಿತು. ಮೂರು ಹೊಲಿಗೆ. ಕನ್ನಡಿ ಹಿಡಿದು ನೋಡಿದೆ... ಇಪ್ಪತ್ತು ವರ್ಷ ಟೈಲರಿಂಗ್ ಮಾಡಿದ ಕಣ್ಣು, ಸುಮ್ಮನಿರುತ್ತದೆಯೇ? ಮಧ್ಯದ್ದು ಸೊಟ್ಟ. ನನ್ನ ಅಂಗಡಿಯಲ್ಲಾಗಿದ್ದರೆ ಬಿಚ್ಚಿಸುತ್ತಿದ್ದೆ.

ಇವರು ಲಾರಿ ತೆಗೆದುಕೊಂಡು ಹೋಗಿ ನಾಲ್ಕು ದಿನ. ಬರುವುದು ಭಾನುವಾರ. ಮನೆಯಲ್ಲಿ ನಾನು, ಇವರ ಮಗಳು. ಇಷ್ಟು ದಿನ ಇಬ್ಬರೇ ಇರುವುದು ಇದೇ ಮೊದಲು.

ಹುಡುಗಿಗೆ ಹದಿನಾರು. ನಾನು ಈ ಮನೆಗೆ ಬಂದು ಎರಡು ವರ್ಷ. ಒಂದು ದಿನ ಎದುರಾಡಿದವಳಲ್ಲ. ‘ನಿಮಗೆ ನೀರು ಬೇಕಾ?’ ‘ಮಾತ್ರೆ ತಗೊಂಡ್ರಾ?’ ಅಪ್ಪನಿಗೆ ‘ನೀನು’. ತೀರಿಹೋದ ಅಮ್ಮನಿಗೂ ಹಾಗೇ ಅನ್ನುತ್ತಿದ್ದಳಂತೆ. ನನಗೆ ಮಾತ್ರ ‘ನೀವು’, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡಿದ ಹಾಗೆ. ಪಕ್ಕದ ಮನೆಯವರು ‘ಎಷ್ಟು ಮರ್ಯಾದೆ ಹುಡುಗಿಗೆ’ ಅನ್ನುತ್ತಾರೆ. ನನಗೆ ಬೇಕಾದ್ದು ಮರ್ಯಾದೆಯಲ್ಲ. ಯಾರ ಹತ್ತಿರ ಹೇಳಲಿ.

ಜೂನ್ 4, ಬುಧವಾರ

ಕೆನ್ನೆ ಊದಿ ಬನ್ನಿನ ಹಾಗಾಗಿದೆ. ಐಸ್ ಇಟ್ಟಳು. ಸೂಪು ಆರಿಸಿ ತಂದಳು. ಚೀಟಿಯಲ್ಲಿ ಬರೆದೆ: ಉಪ್ಪು ಸಾಲದು. ‘ಸಾರಿ, ನಿಮಗೆ ಇನ್ನೊಂಚೂರು ಹಾಕ್ತೀನಿ’ ಅಂದಳು. ಸಾರಿ ಅಂತೆ. ಅಪ್ಪನಾಗಿದ್ದರೆ ‘ಬೇಕಾದ್ರೆ ಕುಡಿ, ಇಲ್ಲಾಂದ್ರೆ ಬಿಡು’ ಅನ್ನುತ್ತಿದ್ದಳು. ಹೊಟ್ಟೆಕಿಚ್ಚು ನನಗೆ — ಬರೆದೇ ಬಿಟ್ಟೆ, ಇರಲಿ.

ಜೂನ್ 6, ಶುಕ್ರವಾರ. ಸಂಜೆ

ನಿನ್ನೆ ಬರೆಯಲಾಗಲಿಲ್ಲ. ತಪ್ಪು ನನ್ನದೇ.

ಸುಮ್ಮನೆ ಕೂರಲಾರದೆ ಅವಳ ಯೂನಿಫಾರ್ಮಿಗೆ ಗುಂಡಿ ಹಾಕುತ್ತಿದ್ದೆ. ಕತ್ತರಿ ಪಕ್ಕದಲ್ಲೇ ಇತ್ತು. ಆದರೆ ಅಭ್ಯಾಸಬಲ... ದಾರ ಬಾಯಿಗೆ ಹೋಯಿತು. ಅದೂ ನೋವಿನ ಕಡೆಗೇ. ಕಚ್ಚಿ ಎಳೆದೆ. ದಾರವೂ ಹರಿಯಿತು, ಡಾಕ್ಟರ ಹೊಲಿಗೆಯೂ. ಬಿಳಿ ಅಂಗಿಯ ತುಂಬ ರಕ್ತ.

ಓಡಿ ಬಂದಳು. ‘ಬುದ್ಧಿ ಇದೆಯಾ ನಿನಗೆ? ಡಾಕ್ಟರ್ ಅಷ್ಟು ಹೇಳಿದಾರೆ, ಕಿವಿಗೆ ಬೀಳ್ಲಿಲ್ವಾ? ಬಾಯಿ ತೆಗಿ. ತೆಗಿ ಅಂದ್ನಲ್ಲ. ಕಚ್ಕೋ ಇದನ್ನ. ಮಾತಾಡಿದ್ರೆ ನೋಡು.’

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಬೈದಳು. ನನ್ನ ಕಣ್ಣಲ್ಲಿ ನೀರು. ನೋವಿಗೆ ಅಂದುಕೊಂಡು ಇನ್ನಷ್ಟು ಬೈದಳು. ಮತ್ತೆ ಹೊಲಿಗೆ ಹಾಕಿಸಿಕೊಂಡು ಬಂದೆವು. ನರ್ಸ್ ‘ಮಗಳಾ? ಜೋರಿದ್ದಾಳೆ’ ಅಂದರು. ಬಾಯಲ್ಲಿ ಹತ್ತಿ, ತಲೆಯಾಡಿಸಿದೆ. ಅವಳೂ ಅಲ್ಲ ಅನ್ನಲಿಲ್ಲ.

ಜೂನ್ 7, ಶನಿವಾರ. ಬೆಳಗ್ಗೆ

‘ನಿಮಗೆ ನೋವು ಕಮ್ಮಿಯಾಯ್ತಾ?’ ಮತ್ತೆ ಕೌಂಟರಿಗೇ ಬಂದೆವು. ಮೊನ್ನೆಯದು ಗಾಬರಿಯಲ್ಲಿ ಬಂದದ್ದು. ಅಷ್ಟೇ ಇರಬೇಕು.

ಅದೇ ದಿನ, ಮಧ್ಯಾಹ್ನ

ತಡೆಯಲಾಗಲಿಲ್ಲ. ಚೀಟಿ ಬರೆದು ಮುಂದಿಟ್ಟೆ: ಮೊನ್ನೆ ಬೈದೆಯಲ್ಲ, ಯಾವಾಗಲೂ ಹಾಗೇ ಮಾತಾಡು.

ಓದಿದಳು. ‘ಸಿಟ್ಟಲ್ಲಿ ಬಂದ್ಬಿಡ್ತು. ತಪ್ಪಾಯ್ತು.’

ಬರೆದೆ: ತಪ್ಪಲ್ಲ. ನನಗೆ ಅದೇ ಬೇಕು.

ಚೀಟಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ‘ಅಮ್ಮನಿಗೆ ಹಾಗೆ ಅಂತಿದ್ದೆ. ನಿಮಗೂ ಹಾಗೇ ಅಂದ್ಬಿಟ್ರೆ... ಅವಳಿಗೇನು ಉಳಿಯುತ್ತೆ?’

ಇದು ನನಗೆ ಹೊಳೆದೇ ಇರಲಿಲ್ಲ. ಎರಡು ವರ್ಷ ನನ್ನ ಸಂಕಟವನ್ನೇ ನೋಡಿಕೊಂಡು ಕೂತೆ. ಅವಳು ಅಲ್ಲಿ ಒಬ್ಬಳೇ ಅಮ್ಮನ ಜಾಗ ಕಾಯುತ್ತಿದ್ದಳು, ಮಗು.

ಬರೆದೆ: ಹಾಗಾದ್ರೆ ಬೇಡ ಪುಟ್ಟಿ. ಅಮ್ಮನದ್ದು ಅಮ್ಮನಿಗೇ ಇರಲಿ. ‘ನೀವು’ ಅಂತಲೇ ಅನ್ನು, ನನಗೆ ಬೇಜಾರಿಲ್ಲ.

ಬೇಜಾರಿದೆ. ಆದರೂ ಮನಸ್ಸಿನಿಂದಲೇ ಬರೆದೆ. ಚೀಟಿ ಜೇಬಿಗೆ ಹಾಕಿಕೊಂಡು ಎದ್ದು ಹೋದಳು.

ಜೂನ್ 8, ಭಾನುವಾರ. ಬೆಳಗ್ಗೆ 9

ಮಧ್ಯಾಹ್ನ ಇವರು ಬರುತ್ತಾರೆ. ಅವಳು ಎದ್ದಾಗಿನಿಂದ ಮಾತಿಲ್ಲ. ಕೇಳಬಾರದ್ದು ಕೇಳಿದೆನೇನೋ. ಅಡುಗೆಮನೆಯಲ್ಲಿ ಪಾತ್ರೆ ಸದ್ದು... ಬಂದಳು. ಕೈಯಲ್ಲಿ ಬಟ್ಟಲು. ನಾನು ಬರೆಯುವುದನ್ನೇ ನೋಡುತ್ತ ನಿಂತಿದ್ದಾಳೆ.

‘ಆಮೇಲೆ ಬರಿ. ಮೊದ್ಲು ತಿನ್ನು, ಆರಿಹೋಗುತ್ತೆ. ಅಮ್ಮನೂ ಹಿಂಗೇ, ಬಿಸಿ ಇದ್ದಾಗ ಒಂದು ದಿನ ತಿಂದವಳಲ್ಲ. ಗೊತ್ತಾ ನಿನಗೆ, ಒಂದ್ಸಲ ಏನಾಯ್ತು ಅಂದ್ರೆ...’

ಪಕ್ಕದಲ್ಲೇ ಕೂತಳು. ಅಮ್ಮನ ಸುದ್ದಿ ತಾನಾಗಿಯೇ ನನ್ನ ಹತ್ತಿರ ಎತ್ತಿದ್ದು ಇದೇ ಮೊದಲು. ಇನ್ನು ಬರೆಯುತ್ತ ಕೂತರೆ —