ಅರ್ಧ ಬಕೆಟ್ಟಿನ ಬಿಲ್ಲು

ಕಡಬ
ಮಾರ್ಚ್ ೨, ೨೦೨೫, ಭಾನುವಾರ

ಪ್ರೀತಿಯ ಮಗಳೇ, ರಿನ್ಸಿ ಮೋಳೆ,

ಕೈಯಲ್ಲಿ ಫೋನ್ ಇರುವಾಗ ಮಮ್ಮಿ ಕಾಗದ ಬರೆದಿದ್ದಾಳೆಂದರೆ ಯಾರೋ ತೀರಿಕೊಂಡಿರಬೇಕು ಎಂದು ಹೆದರಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಪಪ್ಪನ ಹೆಸರು ಬಂದ ಕೂಡಲೇ ನೀನು ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀ. ಕಬಕದ ಆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ಹುಡುಗಿ ಅಷ್ಟೊಂದು ಹಾಲು ಕಾಯಿಸಿ ಯಾರಿಗೆ ಕುಡಿಸುತ್ತಾಳೋ ನನಗಂತೂ ಗೊತ್ತಿಲ್ಲ. ಕಾಗದವಾದರೆ ಹಾಲು ಇಳಿಸಿದ ಮೇಲೂ ಓದಬಹುದು. ನಿನಗೆ ಮಲಯಾಳಂ ಓದಲು ಬಾರದು, ಹಾಗಾಗಿ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಒಬ್ಬಳೇ ನಗು, ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಬೇಡ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಪಪ್ಪ ನಿನ್ನನ್ನು ವಿಚಾರಿಸಿದರು ಎಂದು ವಾರವಾರವೂ ಹೇಳುತ್ತಿದ್ದೆನಲ್ಲ, ಅವರು ವಿಚಾರಿಸಿರಲಿಲ್ಲ. ರಾಜ್ಯದ ಬಿಲ್ಲುಗಾರಿಕೆ ತಂಡದ ಆಯ್ಕೆಯ ಹಿಂದಿನ ದಿನ ನೀನು ಭುಜ ನೋಯುತ್ತದೆ ಎಂದು ಬಿಲ್ಲು ಕೆಳಗಿಟ್ಟಾಗ ಅವರು ಮೈಗಳ್ಳತನ ಎಂದರು. ಆಮೇಲೆ ಸ್ಕ್ಯಾನ್ ಆಯಿತು, ಆಪರೇಷನ್ನೂ ಆಯಿತು. ಮೈಗಳ್ಳತನಕ್ಕೆ ಯಾವ ಡಾಕ್ಟರೂ ಹೊಲಿಗೆ ಹಾಕುವುದಿಲ್ಲ. ಅದು ಗೊತ್ತಾದ ದಿನದಿಂದ ಪಪ್ಪನ ಬಾಯಿಗೇ ಹೊಲಿಗೆ ಬಿತ್ತು. ತಪ್ಪಾಯಿತು ಎನ್ನಲು ಬಾರದೆ ಮಾತನ್ನೇ ಬಿಟ್ಟರು. ನೀನೂ ಅವರ ಮಗಳೇ ತಾನೇ, ಪುತ್ತೂರಿನ ಲ್ಯಾಬಿನಲ್ಲಿ ಕೆಲಸ ಹಿಡಿದು ಪಕ್ಕದ ಕಬಕದಲ್ಲಿ ಕೋಣೆ ಮಾಡಿದವಳು ಕ್ರಿಸ್‌ಮಸ್‌ಗೂ ಈ ಕಡೆ ತಲೆಹಾಕಲಿಲ್ಲ.

ನಿನ್ನ ಡಾಕ್ಟರು ಹೇಳಿದ್ದನ್ನೆಲ್ಲ ನಾನು ಊಟದ ಹೊತ್ತಿಗೆ ಬೆಕ್ಕಿಗೆ ಹೇಳುತ್ತಿದ್ದೆ, ಬೇಕೆಂದೇ ಗಟ್ಟಿಯಾಗಿ. ಪಪ್ಪ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಬೆಕ್ಕಿನ ಕಣ್ಣೂ ಆ ಮುಳ್ಳಿನ ಮೇಲೆಯೇ. ಅಪ್ಪ ಮಗಳು ಹೀಗೇ ಉಳಿದುಬಿಡುತ್ತೀರೇನೋ ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು, ಮೋಳೆ.

ಇನ್ನು ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಪಪ್ಪ, ಕೊಡಲಿ ಕಾವಿಗೆಂದು ಅಟ್ಟದಲ್ಲಿಟ್ಟಿದ್ದ ತಡಸಲು ಮರದ ಸೀಳನ್ನು ಇಳಿಸಿ ಕೆತ್ತಲು ಕೂತರು. ಯಾವುದೋ ದೇಶದ ಮುದುಕನೊಬ್ಬ ಯೂಟ್ಯೂಬಿನಲ್ಲಿ ಒಂದೂ ಮಾತಾಡದೆ ಬಿಲ್ಲು ಮಾಡುತ್ತಾನೆ. ಅದನ್ನು ನೋಡಿ ಕಲಿತದ್ದು. ಆಡದ ಗುರುವಿಗೆ ಆಡದ ಶಿಷ್ಯ! ಯಾರಿಗೆ ಈ ಬಿಲ್ಲು ಎಂದು ಕೇಳಿದರೆ ಕತ್ತಿಯನ್ನು ಕಲ್ಲಿಗೆ ಮಸೆಯುತ್ತಾ ಕೂತರು. ಪಕ್ಕದ ತೋಟದ ಉಲ್ಲಾಸ್ ಬೇಲಿಯ ಆಚೆಯಿಂದ ನೋಡಿ, ಎಂತ ದೇವಸ್ಯಣ್ಣ, ಹಂದಿ ಹೊಡಿಲಿಕ್ಕಾ, ಫಾರೆಸ್ಟಿನವರು ಬಂದ್ರೆ ನಾನಂತೂ ನಿಮ್ಮನ್ನು ನೋಡಿಯೇ ಇಲ್ಲ ಮಾರಾಯ್ರೆ ಎಂದ.

ಬರೀ ಮರದ ಬಿಲ್ಲಾಗಿದ್ದರೆ ಯಾವತ್ತೋ ಮುಗಿಯುತ್ತಿತ್ತು. ಇವರಿಗೆ ಬೆನ್ನಿಗೆ, ಅಂದರೆ ಹೊರಮೈಗೆ, ನರ ಅಂಟಿಸಿದ ಬಿಲ್ಲೇ ಆಗಬೇಕು. ಪ್ರತಿ ಭಾನುವಾರ ಇಗರ್ಜಿಯಿಂದ ನೇರ ಪೇಟೆಯ ಮಶೂದನ ಮಟನ್ ಅಂಗಡಿಗೆ ಹೋಗಿ ಆಡಿನ ಹಿಂಗಾಲಿನ ಬಿಳಿ ನರ ಕೇಳಿ ತರುತ್ತಿದ್ದರು. ಮಂಡಿನೋವಾ ದೇವಸ್ಯಣ್ಣ, ಸೂಪು ಮಾಡುದಾದ್ರೆ ಎಲುಬು ಸಮೇತ ಕೊಂಡೋಗಿ, ಬರೀ ನರದಲ್ಲಿ ಎಂತ ಉಂಟು ಎಂದು ಮಶೂದ್ ಕೇಳಿದನಂತೆ. ನರವನ್ನು ಒಣಗಿಸಿ, ಮರದ ಸುತ್ತಿಗೆಯಿಂದ ಬಡಿದು ಬಡಿದು, ಎಳೆ ಎಳೆಯಾಗಿ ಬಿಡಿಸುವುದು. ಬಿಡಿಸಿದ ಮೇಲೆ ಅದು ಬಾಳೆನಾರಿನ ಹಾಗೆ ಕಾಣುತ್ತದೆ. ಅಂಟಿಗೆ ಆಡಿನ ತೊಗಲು ಬೇಯಿಸಬೇಕು. ಬೇಯಿಸಿದ್ದು ಯಾವುದರಲ್ಲಿ ಎಂದುಕೊಂಡೆ? ನನ್ನ ದೊಡ್ಡ ಕುಕ್ಕರಿನಲ್ಲಿ. ಆ ಕುಕ್ಕರನ್ನು ನಾನು ಅವತ್ತೇ ಅವರಿಗೆ ದಾನ ಮಾಡಿದೆ. ಬೆಚ್ಚಗಿನ ಅಂಟಿನಲ್ಲಿ ಎಳೆಗಳನ್ನು ಅದ್ದಿ ಬಿಲ್ಲಿನ ಬೆನ್ನಿಗೆ ಉದ್ದಕ್ಕೆ ಮಲಗಿಸಿದರು. ಆಮೇಲೆ ನೆರಳಿನಲ್ಲಿ ಗಾಳಿಗೆ ನಿಧಾನವಾಗಿ ಒಣಗಬೇಕು.

ಒಣಗುವ ಮೊದಲೇ ಮಳೆ ಹಿಡಿಯಿತು. ನಮ್ಮ ಜೂನ್ ತಿಂಗಳಲ್ಲಿ ಉಪ್ಪೇ ನೀರಾಗುತ್ತದೆ, ಅಂಟು ಕೇಳುತ್ತದೆಯೇ? ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಆಗ ನಿನ್ನ ಪಪ್ಪನ ಬುದ್ಧಿ ಓಡಿತು. ರಬ್ಬರ್ ಮರಕ್ಕೆ ಪ್ಲಾಸ್ಟಿಕ್ ಕಟ್ಟಿ ಮಳೆಯಲ್ಲೂ ಹಾಲು ಇಳಿಸುವವನಿಗೆ ಒಂದು ಕೋಲು ನೆನೆಯದ ಹಾಗೆ ನೋಡಿಕೊಳ್ಳಲಿಕ್ಕಾಗುದಿಲ್ವಾ ಎಂದು, ಗಟ್ಟಿ ರಬ್ಬರ್ ಹಾಲನ್ನು ಬಿಲ್ಲಿನ ಬೆನ್ನಿಗೆ ಬಳಿದರು. ಅದು ಆರಿದ ಮೇಲೆ ಇನ್ನೊಮ್ಮೆ ಬಳಿದರು. ಮುದುಕನ ವಿಡಿಯೋದಲ್ಲಿ ಇಲ್ಲದ್ದನ್ನು ತಾವು ಕಂಡುಹಿಡಿದ ಹೆಮ್ಮೆ ಬೇರೆ.

ಸ್ವಲ್ಪ ದಿನಕ್ಕೆ ಮನೆಯಲ್ಲಿ ಸತ್ತ ಇಲಿಯ ವಾಸನೆ. ನಾನು ಕಪಾಟು ಸರಿಸಿದೆ, ಅಕ್ಕಿ ಡ್ರಮ್ ಸರಿಸಿದೆ, ಪಾಪದ ಬೆಕ್ಕಿಗೆ ಬೈದೆ. ಕೊನೆಗೆ ಮೂಗು ಬಿಲ್ಲಿನ ಹತ್ತಿರ ಹೋಗಿ ನಿಂತಿತು. ಪಪ್ಪ ರಬ್ಬರ್ ಪದರವನ್ನು ಎಳೆದರೆ ಅದರ ಜೊತೆಗೇ ನರವೂ ಕೊಳೆತು ಲೋಳೆಯಾಗಿ ಬಂತು. ಒಣಗದ ಅಡಿಕೆಯನ್ನು ಗೋಣಿಗೆ ತುಂಬಿದರೆ ಎಂತ ಆಗುತ್ತದೆ ಎಂದು ಈ ಊರಿನ ಮಕ್ಕಳಿಗೂ ಗೊತ್ತು ಎಂದು ನಾನು ರೇಗಿದೆ. ಅವರು ತಿರುಗಿ ರೇಗಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತು, ಒಳಗಿನ ನೀರು ಹೋಗ್ಲಿಕ್ಕೆ ಬಿಡದೆ ಮೇಲಿಂದ ಮುಚ್ಚಿದವ ನಾನೇ ಅಲ್ವಾ ಲಿಸ್ಸಿ ಎಂದರು. ಅವರು ಬಿಲ್ಲಿನ ಬಗ್ಗೆಯೇ ಹೇಳಿದರೋ ಏನೋ. ನನಗೆ ಅಳು ಬಂತು, ಒಳಗೆ ಹೋಗಿ ಪಾತ್ರೆ ತೊಳೆದೆ.

ಇನ್ನು ಆ ಕೋಲನ್ನು ಒಲೆಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಮರವನ್ನು ಉಜ್ಜಿ ತೊಳೆದು ಮಳೆ ಮುಗಿಯುವವರೆಗೆ ಕಾದರು. ಮತ್ತೆ ಮಶೂದನ ಅಂಗಡಿ, ಮತ್ತೆ ನರ, ಮತ್ತೆ ಅದೇ ಕುಕ್ಕರ್. ಈ ಸಲ ಒಣಗಿಸಲು ಇಡೀ ಮನೆ ಹುಡುಕಿ, ನಿನ್ನ ಕೋಣೆಯೇ ಒಳ್ಳೆಯದು, ಎರಡು ಕಡೆಯಿಂದ ಗಾಳಿ ಉಂಟು ಎಂದರು. ನೀನು ಹೋದ ಮೇಲೆ ಆ ಬಾಗಿಲನ್ನು ಅವರು ತೆರೆದದ್ದು ಅವತ್ತೇ. ಕಿಟಕಿ ತೆಗೆದರು, ಜೇಡರ ಬಲೆ ಹೊಡೆದರು, ಬಿಲ್ಲನ್ನು ತೂಗುಹಾಕಿದರು. ದಿನಾ ಬೆಳಿಗ್ಗೆ ಹೋಗಿ ಮುಟ್ಟಿ ನೋಡಿ ಬರುತ್ತಿದ್ದರು. ಬಿಲ್ಲು ನೋಡಲು ಅಷ್ಟು ಹೊತ್ತು ಬೇಕೇ? ನಿನ್ನ ಮಂಚದ ಮೇಲೆ ಕೂತಿರುತ್ತಿದ್ದರು.

ಒಂದು ದಿನ ಗುಡಿಸಲು ಹೋದವಳು ನೋಡುತ್ತೇನೆ, ಬಿಲ್ಲು ಹಿಂದು ಮುಂದಾಗಿ ಬಾಗಿದೆ! ಮತ್ತೆ ಹಾಳಾಯಿತೆಂದು ಕೂಗಿಕೊಂಡೆ. ಪಪ್ಪ ಓಡಿ ಬಂದು ನೋಡಿ ನಕ್ಕರು. ಎಷ್ಟು ಕಾಲದ ಮೇಲೆ ನಕ್ಕರೋ! ನರ ಒಣಗುವಾಗ ಬೆನ್ನನ್ನು ತನ್ನ ಕಡೆಗೆ ಎಳೆಯುದು, ಹೀಗೆ ಬಾಗಿದ್ರೇ ಸರಿಯಾಗಿ ಒಣಗಿದೆ ಅಂತ ಲೆಕ್ಕ ಎಂದು ವಿವರಿಸಿದರು.

ಆಮೇಲೆ ಹದ ಮಾಡುವ ಕೆಲಸ. ಬಿಲ್ಲಿಗೆ ಹಗ್ಗ ಬಿಗಿದು ಗೋಡೆಯ ಗೂಟಕ್ಕೆ ಅಡ್ಡ ಸಿಕ್ಕಿಸಿ, ಹಗ್ಗದ ನಡುವಿಗೆ ನಮ್ಮ ರಬ್ಬರ್ ಹಾಲಿನ ಬಕೆಟ್ಟಿನಲ್ಲಿ ನೀರು ತುಂಬಿ ನೇತುಹಾಕುವುದು. ಎರಡೂ ಕಡೆ ಸಮ ಬಾಗುತ್ತದೆಯೇ ನೋಡಿ, ಇಳಿಸಿ, ಗಾಜಿನ ಚೂರಿನಿಂದ ಹೊಟ್ಟೆಯ ಕಡೆಯ ಮರವನ್ನು ಹೆರೆಯುವುದು. ಮೊದಲು ತುಂಬಿದ ಬಕೆಟ್ಟಿಗೂ ಅದು ಜಗ್ಗಲಿಲ್ಲ. ಎಂಥ ಗಟ್ಟಿ ಬಿಲ್ಲು ಎಂದು ನನಗೇ ಜಂಬ ಬಂತು. ಇವರು ಹೆರೆದರು, ಮತ್ತೂ ಹೆರೆದರು, ಕೊನೆಗೆ ಅರ್ಧ ಬಕೆಟ್ ನೀರಿಗೇ ಅದು ಪೂರ್ತಿ ಬಾಗುವ ಹಾಗೆ ಮಾಡಿಟ್ಟರು. ಇಷ್ಟು ಕಷ್ಟಪಟ್ಟು ಮಾಡಿದ ಬಿಲ್ಲಿಗೆ ಕಾಗೆಯೂ ಹೆದರಲಿಕ್ಕಿಲ್ಲ ಎಂದೆ. ಇಷ್ಟು ಸಾಕು ಎಂದರು, ಅಷ್ಟೇ.

ಇವತ್ತು ಇಗರ್ಜಿಯಿಂದ ಬಂದು ಮೊದಲ ಸಲ ಕೈಯಿಂದ ಎಳೆದರು. ಎಲೆ ಉದುರಿಸಿದ ರಬ್ಬರ್ ಮರಗಳು ಈಗಷ್ಟೇ ಚಿಗುರುತ್ತಿವೆ, ಹಾಲು ಇಳಿಸುವ ಟ್ಯಾಪಿಂಗ್ ಇಲ್ಲ, ತೋಟದಲ್ಲಿ ಯಾರೂ ಇರಲಿಲ್ಲ. ಇದೂ ಹಾಳಾದರೆ ಈ ಮನುಷ್ಯ ಮತ್ತೊಮ್ಮೆ ಯಾವುದಕ್ಕೂ ಕೈಹಾಕಲಿಕ್ಕಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಮಾತೆಯ ಹೆಸರು ಹೇಳುತ್ತಿದ್ದೆ. ಪಪ್ಪ ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಎಳೆಯಲು ಪರದಾಡುತ್ತಿದ್ದರು. ಕೈ ಬದಲಿಸಿ, ನೀವೇನು ಎಡಚರೇ ಎಂದು ಕೂಗಿದೆ. ಇದು ಹೀಗೇ ಎಳೆಯುದು, ಬಾಣ ಕೂರುವ ಜಾಗ ಬಲಬದಿಗೆ ಉಂಟು ಎಂದರು.

ರಿನ್ಸಿ, ಈ ಮನೆಯಲ್ಲಿ ಎಡಗೈಯಿಂದ ಎಳೆಯುವವಳು ನೀನೊಬ್ಬಳೇ.

ನರ ಯಾಕೆ ಬೇಕಿತ್ತು ಎಂಬುದೂ ಆಗ ಹೊಳೆಯಿತು. ನೀನು ಚಿಕ್ಕವಳಿದ್ದಾಗ ಅವರೇ ಮಾಡಿಕೊಟ್ಟ ಬಿದಿರಿನ ಬಿಲ್ಲು ಎಳೆಯುವಾಗ ಸಿಡಿದು ನಿನ್ನ ಗದ್ದಕ್ಕೆ ಗಾಯವಾಗಿತ್ತಲ್ಲ. ಬೆನ್ನಿಗೆ ನರ ಇದ್ದರೆ ಮರ ಹಾಗೆ ಸುಲಭಕ್ಕೆ ಸಿಡಿಯುವುದಿಲ್ಲವಂತೆ. ಪಪ್ಪ ಪೂರ್ತಿ ಎಳೆದರು. ಒಂದು ಚೂರೂ ಸದ್ದಿಲ್ಲ. ಬಿಟ್ಟ ಬಾಣ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಬಾಗಿಲಿಗೆ ಹೋಗಿ ನಾಟಿತು, ಅವರು ಗುರಿ ಇಟ್ಟದ್ದು ಹಲಸಿನ ಮರಕ್ಕೆ. ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ನನಗೆ ಇವತ್ತು ಇಳಿಯಿತು. ನಗು ನಿಂತ ಮೇಲೆ ಅವರು ಮೆಟ್ಟಿಲ ಮೇಲೆ ಕೂತು ಕೇಳಿದರು, ಅವಳ ಭುಜ ಈಗ ಹೇಗೆ ಉಂಟು ಎಂದು. ಈ ಸಲದ್ದು ಸುಳ್ಳಲ್ಲ ಮೋಳೆ, ಅವರೇ ಕೇಳಿದರು. ಇನ್ನು ನಾನು ಸುಳ್ಳು ಹೇಳಬೇಕಾಗಿಲ್ಲ, ಅದೊಂದು ದೊಡ್ಡ ನೆಮ್ಮದಿ.

ನಾಳೆಯಿಂದ ನಮಗೆ ನೋಂಬು, ಈಸ್ಟರಿನವರೆಗೆ ಉಪವಾಸ. ಈಸ್ಟರ್ ಬರಲಿ ಎಂದು ಕಾಯಬೇಡ. ನೀನು ಬರುವುದಾದರೆ ಪಪ್ಪನಿಗೆ ಏನೂ ಹೇಳಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ. ಬಿಲ್ಲು ನಿನ್ನ ಕೋಣೆಯಲ್ಲೇ ಇದೆ, ಕಿಟಕಿಯೂ ತೆರೆದೇ ಇದೆ.

ಒಲೆಯ ಮೇಲಿನ ಹಾಲು ಇಳಿಸಿ ಬಸ್ಸು ಹತ್ತು,
ನಿನ್ನ ಮಮ್ಮಿ
ಲಿಸ್ಸಿ

ತಾ.ಕ.: ಕಾಗದ ಮಡಿಸುವ ಮೊದಲು ತಡೆಯಲಾರದೆ ಕೇಳಿದೆ, ಅಷ್ಟು ಗಟ್ಟಿ ಬಿಲ್ಲನ್ನು ಹೆರೆದು ಅರ್ಧ ಬಕೆಟ್ಟಿಗೆ ಇಳಿಸಿದ್ದು ಯಾಕೆ ಎಂದು. ಪಪ್ಪ ನನ್ನ ಮುಖ ನೋಡಲಿಲ್ಲ. ಬೆಕ್ಕಿನ ಬೆನ್ನು ಸವರುತ್ತಾ ಬೆಕ್ಕಿಗೇ ಹೇಳಿದರು: ಅರ್ಧ ಬಕೆಟ್ ನೀರಿಗಿಂತ ಭಾರ ಎಳಿಬಾರ್ದು ಅಂತ ಡಾಕ್ಟರು ರಿನ್ಸಿಗೆ ಹೇಳಿದ್ದಲ್ವಾ, ಆ ದಿನ ಊಟದ ಹೊತ್ತಿಗೆ ನೀನೂ ಕೇಳಿದ್ದಿ.