ಮೂರನೇ ಸಾಲಿನಿಂದ ಕಂಡ ಬಾಗಿಲು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ತಣ್ಣೀರು ಕುಡಿದರೆ ಸಾಕು ಗಂಟಲು ಕಟ್ಟುತ್ತಿತ್ತಲ್ಲ, ಈಗಲೂ ಹಾಗೆಯೇನಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ತಾಲೀಮು ಎಂದುಕೊಂಡು ಬರೀ ಚಹಾದಲ್ಲೇ ದಿನ ದೂಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಅದೇ ಕೆಲಸ, ಎದುರು ಕೂತವರನ್ನು "ಈಗ ಕಾಣ್ತಾ, ಈಗ ಕಾಣ್ತಾ" ಎಂದು ಕೇಳುತ್ತಾ ಕೂರುವುದು. ನೀನು ಹೋದ ಮೇಲೆ ನನ್ನ ಮದುವೆಯಾಯಿತು. ಇವರು ಈ ಮನೆಗೇ ಬಂದು ಸೇರಿಕೊಂಡರು. ಒಳ್ಳೆಯ ಮನುಷ್ಯ, ಆದರೆ ನಾಟಕಕ್ಕೆ ಕರೆದುಕೊಂಡು ಹೋದರೆ ಮೂರನೇ ಗಂಟೆ ಬಾರಿಸುವ ಮೊದಲೇ ಗೊರಕೆ ಶುರು. ನನಗೆ ನಾಟಕದ ಹುಚ್ಚು ಹಿಡಿಸಿದವನೇ ನೀನು, ಅದಂತೂ ಬಿಟ್ಟಿಲ್ಲ. ಬಂದ ನಾಟಕವನ್ನೆಲ್ಲ ನೋಡುತ್ತೇನೆ, ಚೆನ್ನಾಗಿಲ್ಲದಿದ್ದರೆ ಬಾಯ್ತುಂಬ ಬೈದೇ ಬರುತ್ತೇನೆ. ಟಿಕೆಟ್ ಕೊಡುವ ಮುದುಕ ನನ್ನನ್ನು ಕಂಡರೆ ಸಾಕು, "ಇವತ್ತು ಯಾರ ಗ್ರಹಚಾರ ಕೆಟ್ಟಿದೆಯೋ" ಅನ್ನುತ್ತಾನೆ.

ಮೊನ್ನೆ ಶುಕ್ರವಾರ ಹೊಸ ನಾಟಕ ಎಂದು ಹೋದೆ. ಯಾವಾಗಿನ ಹಾಗೆ ಮೂರನೇ ಸಾಲು. ಬರೆದವರ ಹೆಸರು ಯಾವುದೋ, ಕೇಳಿದ್ದಲ್ಲ. ಪರದೆ ಸರಿಯಿತು. ಹೊಲಿಗೆ ಯಂತ್ರದ ಮುಂದೆ ಒಬ್ಬ ಹೆಂಗಸು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಗನನ್ನು ಬೈಯುತ್ತಿದ್ದಾಳೆ. ಬೈಯುತ್ತಲೇ ಎದ್ದು ಬಂದು ಅವನ ಭುಜಕ್ಕೆ ಟೇಪು ಹಿಡಿಯುತ್ತಾಳೆ. "ಜಗಳ ಆಮೇಲೆ ಆಡು, ಮೊದಲು ನೆಟ್ಟಗೆ ನಿಂತ್ಕೋ." ಅಣ್ಣಾ, ನಾನು ಕೂತಲ್ಲೇ ನೆಟ್ಟಗಾದೆ. ಆ ಮಾತು ಈ ಮನೆಯ ಗೋಡೆ ಬಿಟ್ಟರೆ ನಮ್ಮಿಬ್ಬರಿಗೆ ತಾನೇ ಗೊತ್ತು? ಸುತ್ತ ಎಲ್ಲರೂ ನಗುತ್ತಿದ್ದರು, ನಾನೊಬ್ಬಳು ಬಿಕ್ಕುತ್ತಿದ್ದೆ. ಇವರಿಗೆ ಎಚ್ಚರವಾಗಿ, "ಏನಾಯ್ತೇ?" ಎಂದರು. "ನಮ್ಮಮ್ಮ" ಎಂದೆ. "ಎಲ್ಲಿ?" ಎಂದು ಗಾಬರಿಯಿಂದ ಹಿಂದೆ ಮುಂದೆ ನೋಡಿದರು ಪಾಪ. ನಾನು ರಂಗದ ಕಡೆ ಕೈ ತೋರಿಸಿದೆ.

ಆಮೇಲೆ ತಂಗಿಯ ಪಾತ್ರ ಬಂತು. ಉಸಿರು ಬಿಡದೆ ಮಾತಾಡುವ ಹುಡುಗಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಷ್ಟೊಂದು ವಟಗುಟ್ಟುತ್ತಿದ್ದೆನೇನೋ? ಹಳೆಯ ಸೇಡು ತೀರಿಸಿಕೊಂಡೆ ನೀನು, ಇರಲಿ ಬಿಡು.

ಬೇರೆ ಹೆಸರಿಟ್ಟುಕೊಂಡರೇನು, ನಾಟಕ ಕಟ್ಟುತ್ತೇನೆ ಎಂದು ನೀನು ಹೊರಟ ದಿನ ಅಮ್ಮ ಆಡಿದ ಮಾತನ್ನೂ ಒಂದಕ್ಷರ ಬಿಡದೆ ಬರೆದಿದ್ದೀಯ. "ಈ ಹೊಸಿಲು ದಾಟಿದ್ಯೋ, ಮತ್ತೆ ನಿಂಗೆ ಬಾಗಿಲು ತೆಗೆಯಲ್ಲ." ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಕೊನೆಯ ದೃಶ್ಯ. ಖಾಲಿ ರಂಗದ ಮೇಲೆ ಬರೀ ಒಂದು ಬಾಗಿಲು, ಅದರ ಸಂದಿಯಲ್ಲಿ ಒಳಗಿನ ದೀಪದ ಬೆಳಕು. ತಾಯಿಗೆ ಹುಷಾರಿಲ್ಲವೆಂದು ಕೇಳಿ ಮಗ ಬರುತ್ತಾನೆ. ಮೆಲ್ಲಗೆ "ಅಮ್ಮಾ" ಎನ್ನುತ್ತಾನೆ. ತಳ್ಳುತ್ತಾನೆ, ಭುಜ ಕೊಟ್ಟು ಇನ್ನೊಮ್ಮೆ ತಳ್ಳುತ್ತಾನೆ. ಬಾಗಿಲು ತೆರೆಯುವುದಿಲ್ಲ. "ಹೇಳಿದ ಹಾಗೇ ಮಾಡಿದೆ ಬಿಡಮ್ಮ" ಎಂದು ಮೆಟ್ಟಿಲಿಳಿದು ಹೋಗುತ್ತಾನೆ. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಎಂಥಾ ಕಲ್ಲೆದೆ ತಾಯಿ!" ಎಂದಳು. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.

ನೀನು ಬಂದಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲೋ. ಅಮ್ಮ ಕೊನೆಗೊನೆಗೆ ತನ್ನ ಮಂಚವನ್ನು ಒಳಕೋಣೆಯಿಂದ ಮುಂದಿನ ಕೋಣೆಗೆ ಹಾಕಿಸಿಕೊಂಡಿದ್ದಳು, ಬಾಗಿಲಿಗೆ ತಾಗಿದ ಹಾಗೇ. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದಳು. ದೊಡ್ಡ ಕಿಟಕಿ ಇರುವುದು ಒಳಕೋಣೆಯಲ್ಲಿ, ಅವಳು ಯಾವ ಗಾಳಿಗೆ ಕಾಯುತ್ತಿದ್ದಳೋ ನಿನಗೇ ಗೊತ್ತು. ಒಂದು ಸಂಜೆ ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳ ಒಂದು ಕಾಲು ಮಂಚದಿಂದ ಕೆಳಗೆ ಜೋತಾಡುತ್ತಿತ್ತು, ಕೈ ಬಾಗಿಲ ಕಡೆ ಚಾಚಿತ್ತು. "ಬಂದಿದ್ದ ಕಣೇ. ಕರೆದೆ. ದನಿ ಬರ್ಲಿಲ್ಲ" ಎಂದು ಪಿಸುಗುಟ್ಟಿದಳು. ಔಷಧಿಯ ಅಮಲಿಗೆ ಹಾಗೆಲ್ಲ ಆಗುತ್ತದೆ ಎಂದರು ಡಾಕ್ಟರು. ನಾವೆಲ್ಲ ನಂಬಿದೆವು. ಅವಳು ನಂಬಲಿಲ್ಲ, ಹೋಗುವವರೆಗೂ ಆ ಬಾಗಿಲನ್ನೇ ನೋಡುತ್ತಿದ್ದಳು.

ಶುಕ್ರವಾರದಿಂದ ದೀಪ ಹಚ್ಚುತ್ತಿದ್ದಂತೆ ಯಾರೋ ಹೊರಗಿನಿಂದ ಬಾಗಿಲು ತಳ್ಳಿದ ಹಾಗಾಗುತ್ತದೆ. ಓಡಿಹೋಗಿ ನೋಡುತ್ತೇನೆ, ಯಾರೂ ಇರುವುದಿಲ್ಲ. ಗಾಳಿ ಎನ್ನುತ್ತಾರೆ ಇವರು. ಈ ಮನೆಯಲ್ಲಿ ಇನ್ನು ಗಾಳಿಯ ಮಾತೆತ್ತಬೇಡಿ ಎಂದು ಗದರಿದ್ದೇನೆ.

ನಾಟಕ ಚೆನ್ನಾಗಿದೆ. ಎರಡನೇ ಅಂಕ ಸ್ವಲ್ಪ ಎಳೆದಿದ್ದೀಯ, ಮಗನ ಪಾತ್ರದವನು ಮಾತು ನುಂಗುತ್ತಾನೆ. ಈ ಕಾಗದವನ್ನು ಟಿಕೆಟ್ ಮುದುಕನ ಕೈಯಲ್ಲಿ ನಿಮ್ಮ ತಂಡದವರಿಗೆ ಕೊಡಿಸುತ್ತೇನೆ. ಬೈಗುಳವಾದರೆ ತಲುಪಿಸುವುದಿಲ್ಲ ಎಂದಿದ್ದಾನೆ. ಬೈಗುಳವಲ್ಲ ಎಂದು ಆಣೆ ಹಾಕಿದ್ದೇನೆ. ಗಂಟಲು ಜೋಪಾನ, ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ತಂಗಿ,
ಬಾಯಿಬಡುಕಿ

ಅಂಟಿಸುವ ಮೊದಲು ಇನ್ನೊಂದು ಮಾತು: ಇಷ್ಟುದ್ದ ಬರೆದರೂ ಇದನ್ನು ಬರೆಯಲು ಕೈ ಬರಲಿಲ್ಲ. ಮಂಚ ಅಡ್ಡ ಬಂದು ಬಾಗಿಲು ಒಳಕ್ಕೆ ತೆರೆಯುತ್ತಿರಲಿಲ್ಲ. ಮಂಚ ಸರಿಸೋಣ ಎಂದರೆ ಅಮ್ಮ ಬಿಲ್‌ಕುಲ್ ಒಪ್ಪಲಿಲ್ಲ. ಬಡಗಿಯನ್ನು ಕರೆಸಿ, ಬಾಗಿಲನ್ನೇ ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ ಕೂರಿಸಿದಳು. ಗೊತ್ತಿಲ್ಲದೆ ಪೋಸ್ಟ್‌ಮ್ಯಾನ್ ಹಣೆ ಊದಿಸಿಕೊಂಡ. ಚಿಲಕವನ್ನೂ ಅವತ್ತೇ ಬಿಚ್ಚಿಸಿದಳು. ಕಳ್ಳ ಬಂದರೆ ಎಂದದ್ದಕ್ಕೆ, "ಕದಿಯೋಕೆ ಏನಿದೆ ಇಲ್ಲಿ, ಬರೋನು ಬರ್ಲಿ" ಎಂದಳು. ನಿನ್ನೆ ನಾನು ಹೊರಗೆ ನಿಂತು, ನಿನ್ನ ನಾಟಕದಲ್ಲಿದ್ದ ಹಾಗೇ ಭುಜ ಕೊಟ್ಟು ತಳ್ಳಿ ನೋಡಿದೆ. ಗೋಡೆಯ ಹಾಗೆ ನಿಂತಿತ್ತು. ನೀನು ತಳ್ಳಿದೆ ಅಣ್ಣಾ, ಎಳೆಯಬೇಕಿತ್ತು. ಈಗಲೂ ಅದು ಹಾಗೇ ಇದೆ. ಬಂದಾಗ ಎಳಿ.